ಕೊನೆಯ ಕುದುರೆ ಕುಡಿಯುವ ತನಕ

ನನ್ನ ಗಂಡ ಡೆಲ್ಮರ್ ಯಾರಿಗೂ ಗದರಿ ಮಾತಾಡಿದವನಲ್ಲ. ಆದರೆ ಕುದುರೆಗಳು ನೀರು ಕುಡಿಯುವಾಗ ಮಾತ್ರ ಪೊಲೀಸಿನವನಾಗಿಬಿಡುತ್ತಿದ್ದ. ಕೊನೆಯ ಕುದುರೆ ಕುಡಿದು ತಲೆ ಎತ್ತುವ ತನಕ ಯಾರೂ ದಡ ಬಿಟ್ಟು ಕದಲುವಂತಿಲ್ಲ. ಇದು ಅವನು ಹುಟ್ಟಿಸಿದ ಕಾನೂನೇನಲ್ಲ. ಕುದುರೆ ಕಟ್ಟಿಕೊಂಡು ಕೆರೆಕೆರೆ ತಿರುಗುವ ನಮ್ಮಂಥವರಿಗೆಲ್ಲ ಗೊತ್ತಿರುವ ಮರ್ಯಾದೆ. ಕುದುರೆಗೆ ಬಾಯಾರಿಕೆಗಿಂತ ಮಂದೆ ದೊಡ್ಡದು. ಜೊತೆಯವು ಹೊರಟವೆಂದು ಕಂಡರೆ ಅರ್ಧ ಗುಟುಕಿಗೇ ಮೂತಿ ಎತ್ತಿ ಅವುಗಳ ಹಿಂದೆ ಓಡುತ್ತದೆ, ಆಮೇಲೆ ದಿನವೆಲ್ಲ ಒಣಗಿದ ಗಂಟಲಲ್ಲೇ ನಡೆಯುತ್ತದೆ. ಬೇರೆ ಸವಾರಿ ಗುಂಪಿನವರು ಇದನ್ನು ನೆನಪಾದಾಗ ಪಾಲಿಸುತ್ತಾರೆ. ನಮ್ಮ ಗುಂಪಿನಲ್ಲಿ ಡೆಲ್ಮರ್ ಇದ್ದ, ಮರೆಯುವ ಮಾತೇ ಇರಲಿಲ್ಲ.

ಸವಾರಿಯಲ್ಲಿ ಅವನ ಜಾಗ ಯಾವಾಗಲೂ ಬಾಲದಲ್ಲಿ. ಅವನ ಕುದುರೆ ಜಡ್ಜ್, ಮಾಗಿದ ಹುಲ್ಲಿನ ಬಣ್ಣದ್ದು, ಕರಿ ಬಾಲ, ಕರಿ ಕಾಲು, ನ್ಯಾಯಪೀಠದಲ್ಲಿ ಕೂತವರ ಹಾಗೆ ಉದ್ದನೆಯ ಗಂಭೀರ ಮುಖ. ಯಾರದಾದರೂ ಟೋಪಿ ಬಿದ್ದರೆ, ಯಾರದಾದರೂ ಲಾಳ ಸಡಿಲವಾದರೆ ಹಿಂದಿನಿಂದ ಇವರಿಬ್ಬರೂ ನಿಧಾನವಾಗಿ ಬಂದು ಸರಿಮಾಡುವರು. ಸಂಜೆ ಬಿಡಾರಕ್ಕೆ ವಾಪಸ್ಸು ಬರುವುದೂ ಕೊನೆಗೇ. ಎಲ್ಲರೂ ತಟ್ಟೆ ಹಿಡಿದು ಕೂತಿರುತ್ತಿದ್ದರು, ಇವನ ಪತ್ತೆ ಇರುತ್ತಿರಲಿಲ್ಲ. ನನ್ನ ಮೆಕ್ಕೆಜೋಳದ ರೊಟ್ಟಿ ಆರಿ ಹಲಗೆಯಾಗುತ್ತಿತ್ತು.

"ಇಷ್ಟೊತ್ತು ಏನ್ ಮಾಡ್ತಿದ್ದೆ?" ಎಂದು ನಾನು ರೇಗುತ್ತಿದ್ದೆ.

"ಜಡ್ಜ್ ನೀರು ಕುಡೀತಿದ್ದ" ಎನ್ನುತ್ತಿದ್ದ.

ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಕುದುರೆ ನೀರು ಕುಡಿಯಲು ಎಷ್ಟು ಹೊತ್ತು ಬೇಕು? ಕುಂಟು ನೆಪ ಎಂದು ನಾನು ನಂಬಿದ್ದೆ. ಮದುವೆಯಾದ ಮೇಲೆ ಗಂಡಸರ ಅರ್ಧ ಮಾತನ್ನು ಹಾಗೇ ಕಿವಿಯಿಂದಾಚೆ ಹಾಕುವುದು ಅಭ್ಯಾಸವಾಗಿಬಿಡುತ್ತದೆ.

ಮಾರ್ಚಿನಲ್ಲಿ, ಹಸುಗಳು ಕರು ಹಾಕುವ ಕಾಲದಲ್ಲಿ, ಕೊಟ್ಟಿಗೆಯಿಂದ ಮನೆಗೆ ಬರುವ ದಾರಿಯಲ್ಲಿ ಡೆಲ್ಮರ್ ಸುಸ್ತಾಗಿ ಬೇಲಿಗೆ ಒರಗಿ ಕೂತ. ಮತ್ತೆ ಏಳಲಿಲ್ಲ.

ಅಲ್ಲಿಂದಾಚೆಗೆ ನನ್ನನ್ನು ಒಂಟಿಯಾಗಿ ಬಿಟ್ಟವರಿಲ್ಲ. ಒಬ್ಬರಾದ ಮೇಲೊಬ್ಬರು ಅಡುಗೆ ಮಾಡಿ ತಂದರು. ಗಾಜಿನ ಪಾತ್ರೆಗಳ ತಳದಲ್ಲಿ ಟೇಪು ಅಂಟಿಸಿ ಅವರವರ ಹೆಸರು ಬರೆದಿದ್ದರು, ವಾಪಸ್ಸು ಕೊಡುವಾಗ ಅದಲು ಬದಲಾಗಬಾರದೆಂದು. ನಾನು ಊಟ ಮಾಡುವುದನ್ನು ಕೂತು ನೋಡಿದರು. ಡೆಲ್ಮರನ ತಂಗಿ ನಡೀನ್ ಅಂತೂ ಹಾಸಿಗೆ ಬಟ್ಟೆಯನ್ನೇ ತಂದು ನಮ್ಮ ಮನೆಯಲ್ಲಿ ಬೀಡು ಬಿಟ್ಟಳು. ನಾನು ಬಚ್ಚಲುಮನೆಗೆ ಹೋದರೆ ಹೊರಗೆ ನಿಂತು, "ಲವೋನ್, ಸರಿ ಇದೀಯಾ?" ಎಂದು ಕೇಳುತ್ತಿದ್ದಳು. ಸರಿ ಇದ್ದೇನೆ ಎನ್ನುತ್ತಿದ್ದೆ. ಒಳ್ಳೆಯ ಜನ, ಬೈಯಲು ಬಾಯಿ ಬರುವುದಿಲ್ಲ. ಬೈಯಲಾಗದ ಸಿಟ್ಟು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ. ನಾನು ಮಣ್ಣು ಮಾಡುವ ದಿನವೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಗಟ್ಟಿಗಿತ್ತಿ ಎಂದು ಊರೆಲ್ಲ ಹೊಗಳಿತು.

ಸೆಪ್ಟೆಂಬರ್ ಕೊನೆಗೆ ಹ್ಯಾಡ್ಲಿ ಕೆರೆಗೆ ಹೋಗುವುದು ನಮ್ಮ ಗುಂಪಿನ ಪದ್ಧತಿ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿರುತ್ತದೆ, ಮೋಟರ್ ದೋಣಿಯವರು ಗಂಟುಮೂಟೆ ಕಟ್ಟಿರುತ್ತಾರೆ, ಕೆರೆಯ ಅಂಚಿನ ಕುದುರೆ ಬಿಡಾರದಲ್ಲಿ ನಾವು ಮಾತ್ರ. ಈ ವರ್ಷ ನಾನು ಬರುವುದಿಲ್ಲ ಎಂದಿದ್ದೆ. ನಡೀನ್ ಕೇಳಬೇಕಲ್ಲ.

"ಅಣ್ಣನ ನೆನಪಿಗೆ ಒಂದು ಸವಾರಿ ಮಾಡ್ಬೇಕು ಕಣೇ. ಜಡ್ಜ್ ಮೇಲೆ ನೀನೇ ಕೂತ್ಕೋಬೇಕು. ಬೇರೆ ಯಾರು ಕೂರ್ತಾರೆ ಹೇಳು" ಎಂದಳು.

ನನ್ನ ಹೆಣ್ಣು ಕುದುರೆಗೆ ಕಾಲು ಉಳುಕಿತ್ತು. ಕಾರಣ ಹೇಳಿ ತಪ್ಪಿಸಿಕೊಳ್ಳುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ. ಜಡ್ಜ್‌ನನ್ನು ಟ್ರೇಲರಿಗೆ ಹತ್ತಿಸಿದೆವು.

ಹ್ಯಾಡ್ಲಿ ಎಂಬುದು ಮೊದಲು ಊರಾಗಿತ್ತು. ಅಣೆಕಟ್ಟು ಕಟ್ಟಿದ ಮೇಲೆ ಕೆರೆಯಾಯಿತು. ಊರಿಗೆ ಹೋಗುತ್ತಿದ್ದ ರಸ್ತೆ ಈಗಲೂ ಇದೆ, ಪಕ್ಕದ ಪಾರ್ಕಿನ ಹುಲ್ಲುಗುಡ್ಡ ಇಳಿದು ನೆಟ್ಟಗೆ ನೀರೊಳಕ್ಕೆ ಹೋಗುತ್ತದೆ. ನೀರಿನ ಕೆಳಗೂ ಸ್ವಲ್ಪ ದೂರ ಕಾಣುತ್ತದೆ, ಆಮೇಲೆ ಹಸಿರಾಗಿ, ಆಮೇಲೆ ಕಪ್ಪಾಗಿ ಮರೆಯಾಗುತ್ತದೆ. ಕುದುರೆಗಳಿಗೆ ನೀರು ಕುಡಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಕೆಸರಿಲ್ಲ, ಜಾರುವುದಿಲ್ಲ. "ಈ ರಸ್ತೆ ಇನ್ನೂ ಮುಗಿದಿಲ್ಲ ಲವೋನ್" ಎಂದು ಡೆಲ್ಮರ್ ಹೇಳುತ್ತಿದ್ದ. ಅವನು ಹಾಗೆ ಏನಾದರೂ ಹೇಳಿದಾಗ ನಾನು ಹೂಂ ಎನ್ನುತ್ತಿದ್ದೆ.

ಬಿಡಾರದಲ್ಲಿ ಎರಡು ಮರಗಳ ನಡುವೆ ತಲೆಯ ಮೇಲಿನ ಎತ್ತರಕ್ಕೆ ಹಗ್ಗ ಬಿಗಿದು, ಅದಕ್ಕೆ ಕುದುರೆಗಳನ್ನು ಸಾಲಾಗಿ ಕಟ್ಟುತ್ತೇವೆ. ಡೆಲ್ಮರ್ ಜಡ್ಜ್‌ನನ್ನು ಆ ಸಾಲಿನಲ್ಲಿ ಕಟ್ಟುತ್ತಲೇ ಇರಲಿಲ್ಲ. ಆಚೆ ಅಂಚಿನ ಕಾಟನ್‌ವುಡ್ ಮರದ ಕೆಳಗೆ ಬೇರೆಯಾಗಿ ಕಟ್ಟುತ್ತಿದ್ದ. ನಾನು ಆ ಮರದ ಕಡೆಗೇ ನಡೆದಿದ್ದೆ. ನಡೀನ್ ಹಗ್ಗ ಕಿತ್ತುಕೊಂಡಳು.

"ಒಬ್ಬನೇ ಪಾಪ, ಮೊದಲೇ ನೊಂದಿರೋ ಜೀವ. ನನ್ನ ಎರಡು ಕುದುರೆ ಮಧ್ಯೆ ಕಟ್ತೀನಿ. ಜೊತೆ ಇರುತ್ತೆ" ಎಂದಳು.

ಹಾಗೆ ಜಡ್ಜ್‌ಗೂ ಜೊತೆ ಸಿಕ್ಕಿತು.

ಆ ಸಂಜೆ ಅವನ ಮುಂದೆ ಇಟ್ಟ ಬಕೆಟ್ ನೀರು ಇಟ್ಟ ಹಾಗೇ ಇತ್ತು. ನಡೀನಳ ಗಂಡ ಹಾರ್ಲನ್ ಬಂದು ನೋಡಿದ. ಹಾರ್ಲನ್‌ಗೆ ಎಲ್ಲವೂ ತಮಾಷೆ. ನನ್ನ ಮದುವೆಯಲ್ಲಿ ಶುರುಮಾಡಿದವನು ಇನ್ನೂ ನಿಲ್ಲಿಸಿಲ್ಲ.

"ಜಡ್ಜ್ ಸಾಹೇಬ್ರು ತೀರ್ಪು ಕಾಯ್ದಿರಿಸಿದ್ದಾರೆ" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಸ ಜಾಗದ ನೀರನ್ನು ಮೂಸಿ ಬಿಡುವ ಕುದುರೆಗಳು ಎಷ್ಟಿಲ್ಲ.

ಬೆಳಿಗ್ಗೆ ಕೆರೆಯ ಮೇಲಿಂದ ಮಂಜು ಎದ್ದು ಬಂದು ಬಿಡಾರದ ಒಳಗೆಲ್ಲ ತುಂಬಿಕೊಂಡಿತ್ತು. ಕುದುರೆಗಳ ಬೆನ್ನುಗಳು ಮಾತ್ರ ಕಾಣುತ್ತಿದ್ದವು, ಕಾಲುಗಳಿರಲಿಲ್ಲ, ಬಿಳಿ ನೀರಿನಲ್ಲಿ ತೇಲುವ ಹಾಗಿದ್ದವು. ಎಲ್ಲೋ ಒಂದು ಬಾತುಕೋಳಿ ಕೂಗಿ ಸುಮ್ಮನಾಯಿತು. ನಾನು ಮಂಜಿನಲ್ಲಿ ತಡಕಾಡುತ್ತ ಹೋಗಿ ಬಕೆಟಿನೊಳಗೆ ಕೈ ಇಟ್ಟೆ. ನೀರು ಅಂಚಿನ ತನಕ ತಣ್ಣಗೆ ನಿಂತಿತ್ತು, ಅದರ ಮೇಲೆ ಒಂದು ಹಳದಿ ಎಲೆ.

ಆಮೇಲೆ ಶುರುವಾಯಿತು ತಲೆಗೊಂದು ಮಾತು. ಒಬ್ಬಳು ಸೇಬಿನ ರಸ ಬೆರೆಸಿದಳು. ಒಬ್ಬ ನಾಲಿಗೆಗೆ ಉಪ್ಪು ಸವರಿದ. ಮನೆಯಿಂದ ಕ್ಯಾನಿನಲ್ಲಿ ತಂದಿದ್ದ ನೀರನ್ನೇ ಸುರಿದು ಇಟ್ಟೆ, ನಮ್ಮ ಬಾವಿಯ ನೀರು. ಜಡ್ಜ್ ಮೂಸಿದ, ತುಟಿ ಅಲ್ಲಾಡಿಸಿದ, ತಲೆ ಎತ್ತಿ ಎಡಗಡೆಯ ಕುದುರೆಯನ್ನು ನೋಡಿದ, ಬಲಗಡೆಯದನ್ನು ನೋಡಿದ, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಕುಡಿಯಲಿಲ್ಲ. ಬಾಯಾರಿಕೆ ಇತ್ತು, ಅದು ನನಗೆ ಕಾಣುತ್ತಿತ್ತು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಕೂಡಲೇ ಸಮವಾಗುತ್ತಿರಲಿಲ್ಲ. ಒಸಡು ಅಂಟು ಅಂಟಾಗಿತ್ತು.

ಕುದುರೆ ನೀರು ಬಿಟ್ಟರೆ ಹೊಟ್ಟೆಯಲ್ಲಿ ಹುಲ್ಲು ಗಟ್ಟಿಯಾಗುತ್ತದೆ. ಕರುಳು ಕಟ್ಟಿಕೊಂಡರೆ ಒದ್ದಾಡಿ ಒದ್ದಾಡಿ ಸಾಯುತ್ತದೆ. ನಾನು ಅವನ ಪಕ್ಕೆಗೆ ಕಿವಿ ಒತ್ತಿ ನಿಂತೆ. ಸರಿಯಿರುವ ಕುದುರೆಯ ಹೊಟ್ಟೆ ಯಾವಾಗಲೂ ಮಾತಾಡುತ್ತಿರುತ್ತದೆ, ದೂರದ ಗುಡುಗಿನ ಹಾಗೆ. ಜಡ್ಜ್‌ನ ಹೊಟ್ಟೆಯಲ್ಲಿ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಂದು ಸಣ್ಣ ಗುಳುಗುಳು, ಮತ್ತೆ ಮೌನ. ಇವನೂ ಹೋದರೆ ನಾನು ಏನು ಮಾಡಲಿ? ಡೆಲ್ಮರನ ಕೈಯ ವಾಸನೆ ಗೊತ್ತಿರುವ ಜೀವ ಎಂದು ನಮ್ಮ ಮನೆಯಲ್ಲಿ ಉಳಿದಿದ್ದು ನಾವಿಬ್ಬರೇ.

ಡಾಕ್ಟರಿಗೆ ಫೋನು ಮಾಡಿದೆ. ಆಕೆ ನಮ್ಮ ಹಸುಗಳನ್ನೂ ನೋಡುವವಳು, ಸುತ್ತಿ ಬಳಸಿ ಮಾತಾಡುವುದಿಲ್ಲ.

"ಮಲಗಿ ಹೊರಳಾಡ್ತಿದ್ದಾನಾ?"

"ಇಲ್ಲ. ನಿಂತಿದ್ದಾನೆ."

"ಹಾಗಿದ್ರೆ ನಿಧಾನ ನಡೆಸಿ. ನಡೆದ್ರೆ ಹೊಟ್ಟೆ ಆಡುತ್ತೆ. ಹರಿಯೋ ನೀರೋ ಕೆರೆ ನೀರೋ, ಅವನಿಗೆ ಗೊತ್ತಿರೋ ಜಾಗಕ್ಕೆ ಕರ್ಕೊಂಡು ಹೋಗಿ. ಸೂರ್ಯ ಮುಳುಗೋದ್ರೊಳಗೆ ಕುಡೀದೇ ಇದ್ರೆ ಟ್ರೇಲರಿಗೆ ಹಾಕ್ಕೊಂಡು ಆಸ್ಪತ್ರೆಗೆ ಹೊರಡಿ. ಈ ವಯಸ್ಸಲ್ಲಿ ಅಷ್ಟು ದೂರದ ಪ್ರಯಾಣ ತಡೀತಾನೆ ಅಂತ ನಾನು ಹೇಳಲ್ಲ, ಲವೋನ್."

ಫೋನಿಟ್ಟೆ. ನಡೀನ್ ಆಗಲೇ ಜೀನು ಹೊತ್ತು ತಂದಿದ್ದಳು.

"ನಾವೆಲ್ಲ ಬರ್ತೀವಿ. ನಿನ್ನ ಒಬ್ಬಳನ್ನೇ ಕಳಿಸ್ತೀವಾ?" ಎಂದಳು.

ಮಧ್ಯಾಹ್ನ ಇಳಿಯುವಾಗ ಪಕ್ಕದ ಪಾರ್ಕಿನ ದಾರಿ ಹಿಡಿದೆವು. ಹೆಜ್ಜೆ ಹೆಜ್ಜೆಯಾಗಿ ಹೋದೆವು. ಹುಲ್ಲು ಕೆಂಪಾಗಿ ಕುದುರೆಗಳ ಎದೆಯ ತನಕ ಬೆಳೆದಿತ್ತು, ಗಾಳಿ ಬೀಸಿದರೆ ಗುಡ್ಡವೇ ಒಂದು ಪಕ್ಕಕ್ಕೆ ಹೊರಳಿ ಮಲಗಿದ ಹಾಗಾಗುತ್ತಿತ್ತು. ಅದು ರಾಜಚಿಟ್ಟೆಗಳು ದಕ್ಷಿಣಕ್ಕೆ ಹೋಗುವ ವಾರ. ಹಳ್ಳದ ಬದಿಯ ಮರಗಳಲ್ಲಿ ಎಲೆಗಿಂತ ಚಿಟ್ಟೆಯೇ ಹೆಚ್ಚಿತ್ತು. ನಾವು ಕೆಳಗೆ ಹಾದಾಗ ಮರವೇ ಬಿಚ್ಚಿಕೊಂಡ ಹಾಗೆ ಎದ್ದವು. ಕಿತ್ತಳೆ ಬಣ್ಣದ ಗಾಳಿಯ ಒಳಗೆ ನಡೆದೆವು, ಹಾರ್ಲನ್ ಕೂಡ ತಮಾಷೆ ಮರೆತಿದ್ದ. ಒಂದು ಚಿಟ್ಟೆ ಜಡ್ಜ್‌ನ ಎರಡು ಕಿವಿಗಳ ನಡುವೆ ಕೂತು ರೆಕ್ಕೆ ಮುಚ್ಚಿ ತೆರೆದು ಮಾಡುತ್ತ ಬಹಳ ದೂರ ನಮ್ಮ ಜೊತೆ ಬಂತು. ನಿದ್ದೆಯಲ್ಲಿ ಸವಾರಿ ಮಾಡುತ್ತಿದ್ದೇನೆ ಅನಿಸಿತು. ಹಿಂದೆ ತಿರುಗಿದರೆ ಡೆಲ್ಮರ್ ಬರುತ್ತಿರುತ್ತಾನೆ ಅನಿಸಿತು. ತಿರುಗಿದೆ. ನಡೀನ್ ಇದ್ದಳು, ಕೈ ಬೀಸಿದಳು.

ರಸ್ತೆ ನೀರಿಗೆ ಇಳಿಯುವ ಜಾಗಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. ಕುದುರೆಗಳು ಮೊಣಕಾಲುದ್ದದ ನೀರಿಗೆ ನಡೆದು, ಸಾಲಾಗಿ ನಿಂತು ಬಾಯಿ ಹಾಕಿದವು. ಎಲ್ಲಿ ನೋಡಿದರೂ ಉಂಗುರ ಉಂಗುರವಾಗಿ ನೀರು ಅಲುಗುತ್ತಿತ್ತು. ಒಂದೊಂದೇ ಕುಡಿದು ಮೂತಿ ಎತ್ತಿದವು, ತುಟಿಯಿಂದ ಹನಿ ತೊಟ್ಟಿಕ್ಕಿತು. ಜಡ್ಜ್ ನಿಂತೇ ಇದ್ದ. ಲಗಾಮನ್ನು ಸಡಿಲ ಬಿಟ್ಟೆ. ಕತ್ತು ತಟ್ಟಿದೆ. ಬೇಡಿಕೊಂಡೆ ಎನ್ನಲು ನಾಚಿಕೆಯಿಲ್ಲ. ನೀರು ಅವನ ಹೊಟ್ಟೆಯ ಕೆಳಗೇ ಇತ್ತು, ಅವನು ಮಾತ್ರ ಸಾಲಿನ ಆ ತುದಿಯಿಂದ ಈ ತುದಿಗೆ ನೋಡುತ್ತ ನಿಂತಿದ್ದ.

ಎಲ್ಲ ಕುದುರೆಗಳೂ ಕುಡಿದಾಯಿತು. ಯಾರೂ ಕದಲಲಿಲ್ಲ.

"ಕೊನೇ ಕುದುರೆ ಕುಡಿಯೋ ತನಕ" ಎಂದಳು ನಡೀನ್. ದೇವರ ವಾಕ್ಯ ಹೇಳುವ ಹಾಗೆ ಹೇಳಿದಳು. "ನಮ್ಮಣ್ಣನ ಮಾತು. ಬೆಳಗಾದ್ರೂ ಸರಿ, ನಾವಿಲ್ಲೇ."

"ಬೆಳಗಾದ್ರೆ ನನ್ನ ಬೂಟಲ್ಲಿ ಮೀನು ಮರಿ ಹಾಕಿರುತ್ತೆ" ಎಂದ ಹಾರ್ಲನ್.

ಯಾರೂ ನಗಲಿಲ್ಲ. ಸೂರ್ಯ ಆಚೆ ದಡದ ಮರಗಳ ತಲೆಗೆ ಬಂದಿದ್ದ. ಕೆರೆಯೆಲ್ಲ ತಾಮ್ರದ ತಟ್ಟೆಯಾಗಿತ್ತು. ಒಂದು ಕೊಕ್ಕರೆ ಬಂದು ಸ್ವಲ್ಪ ದೂರದಲ್ಲಿ ನಿಂತಿತು, ಅದೂ ಕಾಯುತ್ತಿರುವ ಹಾಗೆ. ಮನುಷ್ಯರು, ಕುದುರೆಗಳು, ಹಕ್ಕಿ, ಎಲ್ಲ ಸೇರಿ ಒಂದು ಪ್ರಾಣಿಯ ಗಂಟಲನ್ನು ನೋಡುತ್ತ ನಿಂತಿದ್ದೆವು. ಎಷ್ಟು ಹೊತ್ತು ಹಾಗೆ ನಿಂತೆವೋ, ನೀರು ತಣ್ಣಗಾಗುತ್ತ ಬಂದಿದ್ದು ಕುದುರೆಗಳ ಮೈ ನಡುಗಿದಾಗ ಗೊತ್ತಾಯಿತು.

ಆಗ ಎಲ್ಡನ್ ಬಾಯಿ ಬಿಟ್ಟ. ಎಲ್ಡನ್ ನಮ್ಮಲ್ಲೆಲ್ಲ ಹಿರಿಯ, ಕುದುರೆ ಬಿಟ್ಟು ಹೇಸರಗತ್ತೆ ಹತ್ತುವವನು, ವರ್ಷಕ್ಕೆ ನಾಲ್ಕು ಮಾತಾಡುವವನು.

"ಈ ಕುದುರೆ ನೀರು ಕುಡಿಯೋದನ್ನ ಯಾರಾದ್ರೂ ನೋಡಿದೀರಾ?" ಎಂದ.

"ಇದೇನ್ ಪ್ರಶ್ನೆ" ಎಂದಳು ನಡೀನ್. "ಇಷ್ಟು ವರ್ಷ ನಮ್ಮ ಜೊತೆ ಬಂದಿದಾನೆ."

"ಬಂದಿದಾನೆ. ಕುಡಿದಿದ್ದನ್ನ ನೋಡಿದೀಯಾ?"

ನಡೀನ್ ತಿರುಗಿ ಹಾರ್ಲನ್ ಕಡೆ ನೋಡಿದಳು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಒಬ್ಬರೂ ನೋಡಿರಲಿಲ್ಲ. ನಾನು? ಮನೆಯಲ್ಲಿ ಕೊಟ್ಟಿಗೆಯ ಹಿಂದಿನ ತೊಟ್ಟಿಯಲ್ಲಿ ಬೆಳಿಗ್ಗೆ ನೀರು ಇಳಿದಿರುತ್ತಿತ್ತು. ಯಾವಾಗ ಕುಡಿದ ಎಂದು ಯಾರು ಹೋಗಿ ಕಾಯುತ್ತಾರೆ. ಸವಾರಿಗಳಲ್ಲಿ ಡೆಲ್ಮರ್ ಎಲ್ಲರ ಹಿಂದೆ ಲಗಾಮು ಬಿಗಿಹಿಡಿದು ನಿಂತು, ಒಂದೊಂದೇ ಕುದುರೆ ತಲೆ ಎತ್ತುವುದನ್ನು ನೋಡುತ್ತಿದ್ದ. ಕೊನೆಗೆ ಟೋಪಿ ಬೀಸುತ್ತಿದ್ದ. "ನೀವು ನಡೀರಿ, ನಾನು ಬರ್ತೀನಿ." ನಾವು ನಡೆಯುತ್ತಿದ್ದೆವು. ಬಾಲದವನಿಗೆ ಕಾನೂನು ಇಲ್ಲ ಎಂಬುದು ನಮಗೆಲ್ಲ ಎಷ್ಟು ಅಭ್ಯಾಸವಾಗಿತ್ತೆಂದರೆ, ಕಾನೂನಿಗೆ ಹಾಗೊಂದು ತೂತು ಇದೆಯೆಂದೇ ನಮಗೆ ಹೊಳೆದಿರಲಿಲ್ಲ.

ಜಡ್ಜ್ ಮತ್ತೆ ಸಾಲನ್ನು ನೋಡಿದ, ಆ ತುದಿಯಿಂದ ಈ ತುದಿಗೆ. ಈಗ ನನಗೆ ಆ ನೋಟದ ಗುರುತು ಸಿಕ್ಕಿತು. ಅದು ಡೆಲ್ಮರನ ನೋಟ. ಎಲ್ಲರದೂ ಆಯಿತೇ ಎಂದು ನೋಡುವ ನೋಟ. ಅವನು ಹಠ ಮಾಡುತ್ತಿರಲಿಲ್ಲ, ದುಃಖದಲ್ಲೂ ಇರಲಿಲ್ಲ. ಎಲ್ಲರೂ ಕುಡಿದು ಹೊರಡುವುದನ್ನು ಕಾಯುತ್ತಿದ್ದ. ನಾವು ಅವನು ಕುಡಿಯುವುದನ್ನು ಕಾಯುತ್ತಿದ್ದೆವು. ನಿನ್ನೆ ಸಂಜೆಯಿಂದ ಎರಡು ಕಡೆಯ ಮರ್ಯಾದಸ್ಥರೂ ನೀ ಮೊದಲು, ನೀ ಮೊದಲು ಎಂದು ಎದುರುಬದುರು ನಿಂತು ಆ ಜೀವವನ್ನು ಒಣಗಿಸಿ ಕೊಲ್ಲುತ್ತಿದ್ದೆವು.

"ಹೊರಡಿ" ಎಂದೆ.

"ಏನು?"

"ನೀವೆಲ್ಲ ಹೊರಡಿ. ಬಿಡಾರಕ್ಕೆ ಹೋಗಿ. ನೀವು ಇಲ್ಲಿರೋ ತನಕ ಇವನು ಕುಡಿಯಲ್ಲ."

"ತಲೆ ಕೆಟ್ಟಿದೆಯೇನೇ ನಿನಗೆ" ಎಂದಳು ನಡೀನ್. "ಮಂದೆ ಹೊರಟ್ರೆ ಕುಡಿಯೋ ಕುದುರೇನೂ ಬಿಟ್ಟು ಓಡುತ್ತೆ. ಇವನಿಗೆ ಇದೊಂದೇ ಅವಕಾಶ. ಇವನು ಬೆದರಿ ಓಡಿದ್ರೆ, ನೀನು ಬಿದ್ರೆ, ಇಲ್ಲಿ ಯಾರಿರ್ತಾರೆ?"

ಅವಳು ಹೇಳಿದ್ದು ತಪ್ಪಲ್ಲ. ನನ್ನ ಲೆಕ್ಕ ತಪ್ಪಿದರೆ ಜಡ್ಜ್ ಆಸ್ಪತ್ರೆಯ ದಾರಿಯಲ್ಲೇ ಹೋಗುತ್ತಿದ್ದ.  

"ಯಾರೂ ಇರಬಾರದು" ಎಂದೆ. "ಅದನ್ನೇ ಹೇಳ್ತಿರೋದು."

"ಅಣ್ಣ ಇದ್ದಿದ್ರೆ..."

"ನಿಮ್ಮಣ್ಣ ಇದ್ದಿದ್ರೆ ಟೋಪಿ ಬೀಸ್ತಿದ್ದ. ನೀನೂ ಬಾಲ ಮುದುರಿಕೊಂಡು ಹೋಗ್ತಿದ್ದೆ. ಮಾರ್ಚಿಂದ ನೋಡ್ತಿದೀನಿ ನಡೀನ್, ಉಣ್ಣೋಕೆ ಕೂತ್ರೆ ಎದುರಿಗೆ ನೀವು, ಮಲಗಿದ್ರೆ ಪಕ್ಕದ ಕೋಣೇಲಿ ನೀವು, ಬಚ್ಚಲು ಬಾಗಿಲಲ್ಲೂ ನೀವು. ನನಗೂ ಗಂಟಲು ಒಣಗಿದೆ ಕಣೇ. ಒಂದು ಗುಟುಕು ಇಳೀತಿಲ್ಲ. ದಮ್ಮಯ್ಯ, ಹೋಗಿ."

ಜಡ್ಜ್‌ನ ವಿಷಯ ಹೇಳಲು ಹೋಗಿ ಇದು ಹೇಗೆ ಬಂತೋ. ನಡೀನಳ ಮುಖ ಕೆಂಪಾಯಿತು, ಆಮೇಲೆ ಬಣ್ಣವೇ ಇಳಿದುಹೋಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಜೀನಿನ ಮುಂದಿನ ಹಿಡಿಕೊಂಬು ನೋಡುತ್ತ ಕೂತರು. ಕೊನೆಗೆ ಎಲ್ಡನ್‌ನ ಹೇಸರಗತ್ತೆ ತಾನಾಗಿ ತಿರುಗಿ ರಸ್ತೆ ಹತ್ತಿತು. ಹೇಸರಗತ್ತೆಗೆ ಯಾರ ಕಾನೂನೂ ಇಲ್ಲ.

"ಇವನಿಗೆ ಹಸಿವಂತೆ" ಎಂದ ಎಲ್ಡನ್, ತಿರುಗಿ ನೋಡದೆ.

ಹಾರ್ಲನ್ ಅದರ ಹಿಂದೆ ಹೊರಟ. ಹೋಗುವಾಗ ನನ್ನ ಪಕ್ಕ ಕುದುರೆ ನಿಲ್ಲಿಸಿ ಏನೋ ತಮಾಷೆ ಹುಡುಕಿದ, ಸಿಗಲಿಲ್ಲ, ಟೋಪಿ ಮುಟ್ಟಿ ಹೋದ. ಒಬ್ಬೊಬ್ಬರಾಗಿ ಉಳಿದವರೂ ತಿರುಗಿದರು. ನಡೀನ್ ಕೊನೆಯವಳು. ಏರಿನ ತಿರುವಿನಲ್ಲಿ ನಿಂತುಬಿಟ್ಟಳು. ಜಡ್ಜ್ ಕತ್ತು ತಿರುಗಿಸಿ ಅವಳನ್ನೇ ನೋಡಿದ, ಇನ್ನೊಂದು ಬಾಕಿ ಇದೆ ಎನ್ನುವ ಹಾಗೆ.

"ನಡೀ, ನಡೀನ್" ಎಂದು ಕೂಗಿದೆ. "ನೀ ನಡೀ, ನಾನು ಬರ್ತೀನಿ."

ಅವಳು ಹುಲ್ಲಿನಾಚೆ ಮರೆಯಾದಳು.

ಲಾಳದ ಸದ್ದು ದೂರವಾಗುತ್ತ ಹೋಯಿತು. ಜಡ್ಜ್‌ನ ಮೈ ಒಂದು ಸಲ ನಡುಗಿತು. ಕಿವಿಗಳು ಸದ್ದಿನ ಕಡೆ ತಿರುಗಿದವು. ಒಂದು ಹೆಜ್ಜೆ ಇಟ್ಟ, ದಡದ ಕಡೆಗೆ. ನಾನು ಲಗಾಮು ಹಿಡಿಯಲಿಲ್ಲ. ಓಡುವುದಾದರೆ ಈಗ ಓಡುತ್ತಾನೆ, ತಪ್ಪು ನನ್ನದು, ಅವನ ಸಾವೂ ನನ್ನ ತಲೆಗೇ ಎಂದುಕೊಂಡೆ. ಸದ್ದು ಪೂರ್ತಿ ನಿಂತಿತು. ಗಾಳಿಯೂ ನಿಂತಿತು. ಕೊಕ್ಕರೆ ರೆಕ್ಕೆ ಬಿಚ್ಚಿ ನೀರಿಗೆ ತಾಗುವಷ್ಟು ಕೆಳಗೆ ಹಾರಿ ಹೋಯಿತು.

ಜಡ್ಜ್ ದೊಡ್ಡದಾಗಿ ಉಸಿರು ಬಿಟ್ಟ. ತಿರುಗಿ, ಮುಳುಗಿದ ರಸ್ತೆಯ ಮೇಲೆ ನಾಲ್ಕು ಹೆಜ್ಜೆ ನೀರೊಳಕ್ಕೆ ನಡೆದು, ತಲೆ ತಗ್ಗಿಸಿದ.

ಕುದುರೆ ನೀರು ಕುಡಿಯುವಾಗ ಪ್ರತಿ ಗುಟುಕಿಗೂ ಅದರ ಕಿವಿಗಳು ಆಡುತ್ತವೆ. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ. ಬೆನ್ನ ಮೇಲೆ ಕೂತವರಿಗೆ ಅದು ಚೆನ್ನಾಗಿ ಕಾಣುತ್ತದೆ. ಗುಟುಕು ಇಳಿಯುವುದು ತೊಡೆಗೆ ತಿಳಿಯುತ್ತದೆ. ಜಡ್ಜ್ ಕುಡಿದ, ಕುಡಿದ, ನಿಲ್ಲಿಸಲೇ ಇಲ್ಲ. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬೂಟಿನ ಕೆಳಗೆ ಮುಳುಗಿದ ರಸ್ತೆ ಕಾಣುತ್ತಿತ್ತು, ಅದರ ಮೇಲೆ ನಮ್ಮಿಬ್ಬರ ನೆರಳು. ತಾಮ್ರ ಬಣ್ಣ ಹೋಗಿ ಕೆರೆ ನೇರಳೆಯಾಯಿತು. ಎಷ್ಟೋ ಚಿಟ್ಟೆಗಳು ನೀರಿನ ಮೇಲೆ ಹಾದು ದಕ್ಷಿಣಕ್ಕೆ ಹೋಗುತ್ತಿದ್ದವು, ಒಂದರ ಹಿಂದೆ ಒಂದು, ಸದ್ದೇ ಇಲ್ಲದೆ.

ಇದನ್ನು ಡೆಲ್ಮರ್ ಪ್ರತಿ ಸಂಜೆ ನೋಡುತ್ತಿದ್ದ. ನಾನು ರೊಟ್ಟಿ ಆರಿತೆಂದು ಗೊಣಗುತ್ತಿದ್ದಾಗ ಅವನು ಇಲ್ಲಿ ಕೂತು ಇದೇ ಎರಡು ಕಿವಿಗಳು ಆಡುವುದನ್ನು ನೋಡುತ್ತಿದ್ದ. ಕೇಳಿದಾಗ ಇದ್ದದ್ದನ್ನೇ ಹೇಳುತ್ತಿದ್ದ. ಅವನ ಮಾತಿನಲ್ಲಿ ಒಂದಕ್ಷರವೂ ನೆಪವಿರಲಿಲ್ಲ.

ಆಗ ನಾನು ಅತ್ತೆ. ಜಡ್ಜ್‌ನ ಕತ್ತಿನ ಮೇಲೆ ಬಗ್ಗಿ, ಕರಿ ಕೂದಲಲ್ಲಿ ಮುಖ ಹುದುಗಿಸಿ, ಬಾಯಿ ಬಿಟ್ಟು ಅತ್ತೆ. ಮೂಗು ಸೋರಿತು, ಬಿಕ್ಕಳಿಕೆ ಬಂತು, ನಾಯಿಯ ಹಾಗೆ ಸದ್ದು ಮಾಡಿದೆ. ಸರಿ ಇದೀಯಾ ಎಂದು ಯಾರೂ ಕೇಳಲಿಲ್ಲ. ಜಡ್ಜ್ ಕುಡಿಯುವುದನ್ನು ಮುಗಿಸಿ ತಲೆ ಎತ್ತಿದ. ತುಟಿಯಿಂದ ನೀರು ತೊಟ್ಟಿಕ್ಕುತ್ತ ನಿಂತ. ನನ್ನದು ಮುಗಿಯುವ ತನಕ ಅವನು ಕದಲಲಿಲ್ಲ.

ಬಿಡಾರಕ್ಕೆ ಬಂದಾಗ ಲಾಟೀನುಗಳು ಹತ್ತಿದ್ದವು. ಎಲ್ಲರೂ ಬೆಂಕಿಯ ಸುತ್ತ ಕೂತು, ನನ್ನ ಕಡೆ ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ಜಡ್ಜ್‌ನನ್ನು ಅಂಚಿನ ಕಾಟನ್‌ವುಡ್ ಮರದ ಕೆಳಗೆ ಕಟ್ಟಿದೆ. ಪಕ್ಕೆಗೆ ಕಿವಿ ಇಟ್ಟೆ. ಒಳಗೆ ದೂರದ ಗುಡುಗು.

ನಡೀನ್ ತಟ್ಟೆ ಹಿಡಿದು ಬಂದಳು. ಅವಳ ಕಣ್ಣು ಊದಿತ್ತು, ನನ್ನದೂ ಊದಿತ್ತು. ನನ್ನ ಮುಖ ನೋಡಿದಳು, ಒದ್ದೆಯಾದ ಜಡ್ಜ್‌ನ ಮೂತಿ ನೋಡಿದಳು. ಏನೋ ಕೇಳಲು ಬಂದಿದ್ದವಳು ಅದನ್ನು ನುಂಗಿಕೊಂಡು, ತಟ್ಟೆಯನ್ನು ನನ್ನ ಕೈಗೆ ತುರುಕಿದಳು.

"ರೊಟ್ಟಿ ಆರಿ ಹಲಗೆಯಾಗಿದೆ" ಎಂದು ರೇಗಿದಳು. "ಇಷ್ಟೊತ್ತು ಏನೇ ಮಾಡ್ತಿದ್ದೆ?"

"ಜಡ್ಜ್ ನೀರು ಕುಡೀತಿದ್ದ" ಎಂದೆ.